ಐದೂವರಿ ಕಾಲು

ಚಿತ್ತಾಪುರ ದವಾಖಾನಿ ಮುಂದ
ಹೊಸಾ ಇಳಿಜಾರು ಕಟ್ಯಾರ, ನಮ್ಮಂಥೋರ ಸಲುವಾಗಿ.
ನುಣ್ಣನ ಫರಸಿ. ನೋಡಿದ ಕೂಡಲೆ ಗುರ್ತು ಹಿಡದೆ:
ನಮ್ಮೂರ ಖಣಿದು, ಕೆಳಗಿನ ಪದರು,
ಮುಗಲಿಗೆ ಬೂದಿ ಕಲಸಿದಂಥ ಬಣ್ಣ.
ಬಗಲಗೋಲು ಊರಿದೆ, ಜಾರಿತು.
ಮತ್ತ ಊರಿದೆ, ಮತ್ತ ಜಾರಿತು.
ಕಡೀಕ ಬಾಜೂಕಿನ ಮೆಟ್ಟಲಾ ಹಿಡದು
ಕುಂಡಿ ಮ್ಯಾಲ ಸರಕೋತ ಒಳಗ ಹೋದೆ.

ಡಾಕ್ಟರು ಟೇಪ್ ಹಚ್ಚಿ ಅಳದ, ಮೊಣಕಾಲಿಗಿ ಸಣ್ಣ ಸುತ್ತಿಗಿ ಬಡದ.
"ಅರವತ್ತೆರಡು ಪರ್ಸೆಂಟ್." ಹುಡುಗಿ ಬರಕೊಂಡಳು.
"ಐದು ವರ್ಷ ಬಿಟ್ಟು ಮತ್ತ ಬಾ, ದೇವಕ್ಕೆಮ್ಮ."
ಯಾಕ್ರಿ, ಅಷ್ಟರಾಗ ಕಾಲು ಚಿಗರತದೇನು?
ಯಾರೂ ನಗಲಿಲ್ಲ. ಸೀಲು ಒತ್ತಿದರು.

ಹೊರಗ ಬೇವಿನ ಗಿಡದ ಬುಡಕ
ಸಾಯಬಣ್ಣನ ಕತ್ತಿ ನಿಂತಿತ್ತು.
ಹೋದ ತಿಂಗಳ ಖಣಿಯಾಗ ಹಾಸಗಲ್ಲು ಜಾರಿ
ಅದರ ಹಿಂದಿನ ಎಡಗಾಲು ಮುರದಿತ್ತು.
ಸಂತಿಗಿ ತಂದಾನ, ಯಾರೂ ಕೇಳಿಲ್ಲ, ಬಿಟ್ಟು ಹೋಗ್ಯಾನ.
ಕತ್ತಿಗಿ ಪರ್ಸೆಂಟ್ ಇಲ್ಲ.
ಹೊರತದ, ಇಲ್ಲಾ ಹೊರಂಗಿಲ್ಲ, ಅಷ್ಟಾ ಲೆಕ್ಕ.
ನಮ್ಮನ್ಯಾಗೂ ನಂದು ಹಿಂಗೇ ಇತ್ತು:
ಕೊಡ ಹೊರತಾಳೇನು ಈಕಿ? ಕಳೆ ತಗೀತಾಳೇನು?
ಅಂತ ಸೋದರತ್ತಿ ಕೇಳಿದ್ದಳು,
ಬುಟ್ಟ್ಯಾಗಿನ ರೊಟ್ಟಿ ಎಣಿಸಿಕೋತ.

"ಕತ್ತಿ ಹತ್ತಸಂಗಿಲ್ಲ, ನೀ ಬೇಕಾದ್ರ ಹತ್ತು"
ಅಂದ ಟಂಟಂನವ.
ಹತ್ತಲಿಲ್ಲ. ನಡಿ ಬೂದಿ, ಅಂದೆ, ಆಗಲೇ ಹೆಸರಿಟ್ಟು.
ಮೂರು ಮೈಲು. ಅದರದು ಮೂರು,
ನಂದು ಒಂದು ಪೂರಾ, ಒಂದು ಅರ್ಧ, ಒಂದು ಕಟ್ಟಿಗಿದು.
ಒಟ್ಟು ಐದೂವರಿ.
ಇಬ್ಬರಿಗೂ ಅವಸರಿಲ್ಲದ್ದಕ್ಕ ಬರೋಬರಿ ಹೊಂಟೆವು.

ಹಾದೀಗುಂಟ ತೊಗರಿ ಬೆಳ್ಳಗಾಗ್ಯಾದ,
ಹೂವಿಗಲ್ಲ, ಧೂಳಿಗಿ.
ಮೊನ್ನೆ ಇಲ್ಲೇ ಪೆಂಡಾಲ್ ಹಾಕಿ ಒಬ್ಬಾಂವ ಭಾಷಣ ಮಾಡಿದ:
"ನಮ್ಮ ಹಳ್ಳ ಕುಂಟಾಗ್ಯಾದ, ಕುರುಡಾಗ್ಯಾದ!"
ಅಂದಾಂವ ನನ್ನ ನೋಡಿ ನಾಲಿಗಿ ಕಚ್ಚಿದ.
ಆಮ್ಯಾಲ ಯಾರೋ ಒಂದು ಹಾರ ತಂದು ನನಗೂ ಹಾಕಿದರು.

ಹಳ್ಳಕ್ಕ ಕುಂಟು ಅನಬ್ಯಾಡ್ರಿ ಯಪ್ಪಾ.
ಕುಂಟಿ ಅಂದ್ರ ನಾನು. ನಾ ರೊಟ್ಟಿ ಬಡೀತೀನಿ,
ಜಗಳಾ ಆಡತೀನಿ, ರೇಷನ್ ಪಾಳಿಯಾಗ ಯಾರೂ ನನ್ನ ದಾಟಂಗಿಲ್ಲ.
ಹಳ್ಳ ಕುಂಟಿಲ್ಲ. ಹಳ್ಳಕ್ಕ ಖಣಿ ರಾಡಿ ಸುರದಾರ.
ಸುರದಾರ ಅಂದ್ರ ಅದರಾಗ ಮಂದಿ ಇರತಾರ,
ಅವರಿಗಿ ಹೆಸರಿರತಾವ, ಲಾರಿ ಇರತಾವ.
ಕುಂಟು ಅಂದ್ರ ಯಾರೂ ಇರಂಗಿಲ್ಲ.

ನನ್ನ ಕಾಲು ಹುಟ್ಟತಲೆ ಹಿಂಗ. ಯಾರ ಮ್ಯಾಲೂ ಸಿಟ್ಟಿಲ್ಲ.
ತಮ್ಮ ಸಿದ್ರಾಮನ ಎದಿ ಹಂಗಲ್ಲ.
ಫರಸಿ ಕೊರದು ಕೊರದು,
ರಾತ್ರಿ ಕೆಮ್ಮಿದರ ಮಿಷಿನ್ ಇನ್ನಾ ಒಳಗ ತಿರಗಲತ್ತದ.
ಅವಂಗ ಸರ್ಟಿಫಿಕೇಟ್ ಕೊಡಲಿಲ್ಲ.
ಎದಿಯಾಗಿನ ಧೂಳು ಅಳಿಲಾಕ
ಅವರ ಟೇಪು ಅಷ್ಟು ಒಳಗ ಹೋಗಂಗಿಲ್ಲ.
ಯಾವ ಗಿರಾಕಿ ಅಂಗಳದಾಗ ಹಾಸ್ಯಾದೋ ಅವನ ಉಸಿರು,
ಯಾರು ಅದರ ಮ್ಯಾಲ ಕುಂತು ಚಹಾ ಕುಡೀಲತ್ತಾರೋ.

ಹಳ್ಳದ ದಂಡ್ಯಾಗ ಬೂದಿ ನಿಂತಿತು.
ಮೂಸಿತು. ಕುಡೀಲಿಲ್ಲ.
ಇಲಾಖೆದವರಿಗಿ ವರದಿ ಇನ್ನಾ ಬಂದಿಲ್ಲಂತ,
ಕತ್ತಿಗಿ ಬಂದದ.

ನನ್ನ ಬಾಟಲಿಯಾಗ ಅರ್ಧ ನೀರಿತ್ತು.
ಕುಡಸಲಾಕ ಏನೂ ಇಲ್ಲ, ಕಲ್ಲಿನಾಗ ಒಂದು ತಗ್ಗೂ ಇಲ್ಲ.
ಸರ್ಟಿಫಿಕೇಟ್ ತಗದು ಕುಬಸದಾಗ ತುರಕಿ,
ಅದರ ಪ್ಲಾಸ್ಟಿಕ್ ಚೀಲದ ಬಾಯಿ ಬಿಡಿಸಿ ಹಿಡದೆ.
ಮೂತಿ ಇಟ್ಟು ಗಟಗಟ ಕುಡದು
ನನ್ನ ಮಾರಿಗೆಲ್ಲ ಸಿಡಿಸಿತು.

ಮನಿಗಿ ಬಂದು ನೋಡಿದರ
ಬೆವರಿಗಿ ಮಸಿ ಕಲಸಿ ಹೋಗ್ಯಾದ.
ಸಿದ್ರಾಮ ದೀಪದ ಬಲ್ಲಿ ಹಿಡದು ಓದಲಾಕ ನೋಡಿದ:
"ಅಕ್ಕಾ, ಇದು ಅರವತ್ತೆರಡೋ, ತೊಂಬತ್ತೆರಡೋ?"
ಇರಲಿ ಬಿಡು, ಅಂದೆ.
ಮದಲ ಆ ಹೊಟ್ಟಿನ ಚೀಲ ಈ ಕಡಿ ಸರಸು.